ಮಲಪ್ರಭಾ ಕಣಿವೆಯ ಕೋಟೆಗಳು: ಸೈಕಲ್ ಪ್ರವಾಸಿಗರಿಗೆ ಮಾಹಿತಿ

ಪೀಠಿಕೆ

ಮಲಪ್ರಭಾ ನದಿಯು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಉಗಮಿಸಿ, ಸುಮಾರು 304 ಕಿ.ಮೀ. ಪೂರ್ವಾಭಿಮುಖವಾಗಿ ಹರಿದು, ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣಾ ನದಿಯನ್ನು ಸೇರುತ್ತದೆ. ಸಹ್ಯಾದ್ರಿಯ ಮಳೆನಾಡಿನಲ್ಲಿ ಹುಟ್ಟಿದ ಈ ನದಿಯು ಸವದತ್ತಿಯ ಬಳಿ ನವಿಲುತೀರ್ಥದ ಇಕ್ಕಟ್ಟಾದ ಕಂದರವನ್ನು ದಾಟಿದ ಬಳಿಕ ಬಯಲುಸೀಮೆಯ ನದಿಯಾಗುತ್ತದೆ. ರಾಮದುರ್ಗದಿಂದ ಮುಂದೆ ಒಂದು ಬದಿಗೆ ಎರೆ ಹೊಲಗಳೂ ಮತ್ತೊಂದು ಬದಿಗೆ ಕೆಂಪು ಮರಳುಗಲ್ಲಿನ ಗುಡ್ಡಗಳೂ ಇದರ ಜೊತೆಗೂಡಿ ಸಾಗುತ್ತವೆ. ಈ ಗುಡ್ಡಗಳ ಮೇಲೆ ಕ್ರಿ.ಶ. 6ನೆಯ ಶತಮಾನದಿಂದ 18ನೆಯ ಶತಮಾನದವರೆಗೆ ಕೋಟೆಗಳು ಕಟ್ಟಲ್ಪಟ್ಟವು. ಕೆಲವು ಮತ್ತೆ ಮತ್ತೆ ಕಟ್ಟಲ್ಪಟ್ಟವು.

ಹೆಚ್ಚಿನ ಪ್ರವಾಸಿಗರು ಬಾದಾಮಿ, ಪಟ್ಟದಕಲ್ಲು ಮತ್ತು ಐಹೊಳೆಗಳನ್ನು ಒಂದೇ ದಿನದಲ್ಲಿ ವಾಹನದಲ್ಲಿ ನೋಡಿ ಹಿಂದಿರುಗುತ್ತಾರೆ. ದೇವಾಲಯಗಳನ್ನು ನೋಡಲು ಅದು ಸಾಕಾಗಬಹುದು. ಕೋಟೆಗಳನ್ನು ತಿಳಿಯಲು ಸಾಲದು. ಒಂದು ಕೋಟೆಯನ್ನು ಆ ಸ್ಥಳದಲ್ಲಿಯೇ ಏಕೆ ಕಟ್ಟಿದರು ಎಂಬುದು ನದಿ, ದಾರಿ ಮತ್ತು ಗುಡ್ಡ ಈ ಮೂರನ್ನೂ ಒಟ್ಟಿಗೆ ನೋಡಿದವರಿಗೆ ಮಾತ್ರ ಅರ್ಥವಾಗುತ್ತದೆ. ಸೈಕಲ್ ಸವಾರಿಯ ನಿಧಾನ ಗತಿಯು ಅದಕ್ಕೆ ಅನುಕೂಲವಾಗಿದೆ. ಊರುಗಳ ನಡುವಿನ ಒಳರಸ್ತೆಗಳಲ್ಲಿ ವರ್ಷದ ಬಹುಕಾಲ ವಾಹನ ಸಂಚಾರ ವಿರಳವಾಗಿದ್ದು, ಏರಿಳಿತವೂ ಕಡಿಮೆ. ಸೈಕಲ್ಲಿನಲ್ಲಿ ಈ ಕಣಿವೆಯನ್ನು ಸಂದರ್ಶಿಸಬಯಸುವ ನಾಗರಿಕರು ಮುಂಚಿತವಾಗಿ ತಿಳಿದಿರಬೇಕಾದ ವಿಷಯಗಳನ್ನೂ, ಪಡೆಯಬೇಕಾದ ಅನುಮತಿಗಳನ್ನೂ ಈ ಪುಟದಲ್ಲಿ ನೀಡಲಾಗಿದೆ.

ಸೂಕ್ತ ಕಾಲ

ನವೆಂಬರ್ ಮಧ್ಯಭಾಗದಿಂದ ಫೆಬ್ರವರಿ ಅಂತ್ಯದವರೆಗಿನ ಅವಧಿಯು ಅತ್ಯಂತ ಸೂಕ್ತವಾಗಿದೆ. ಮಾರ್ಚ್ ತಿಂಗಳಿನಿಂದ ಬಿಸಿಲು ಏರತೊಡಗಿ ಏಪ್ರಿಲ್ ಹಾಗೂ ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಮರಳುಗಲ್ಲಿನ ಬಂಡೆಗಳು ಹಗಲಿನ ಕಾವನ್ನು ಹಿಡಿದಿಟ್ಟುಕೊಳ್ಳುವುದರಿಂದ ಸಂಜೆಯಾದರೂ ಗುಡ್ಡದ ತಪ್ಪಲಿನಲ್ಲಿ ತಂಪಾಗುವುದಿಲ್ಲ. ಈ ತಿಂಗಳುಗಳಲ್ಲಿ ಸೈಕಲ್ ಪ್ರವಾಸವು ಶ್ರೇಯಸ್ಕರವಲ್ಲ. ಅನಿವಾರ್ಯವಾದಲ್ಲಿ ಬೆಳಗಿನ 6ರಿಂದ 10 ಗಂಟೆಯೊಳಗೆ ಸವಾರಿಯನ್ನು ಮುಗಿಸತಕ್ಕದ್ದು.

ಮಳೆಗಾಲದ ವಿಷಯದಲ್ಲಿ ಅನೇಕರಿಗೆ ತಪ್ಪು ತಿಳಿವಳಿಕೆ ಇದೆ. ಬಾದಾಮಿ ಸೀಮೆಯು ಮಳೆಯ ನೆರಳಿನ ಪ್ರದೇಶವಾಗಿದ್ದು ಇಲ್ಲಿ ಬೀಳುವ ಮಳೆ ಅಲ್ಪ. ಆದರೆ ನದಿಗೆ ಬರುವ ನೀರು ಇಲ್ಲಿನದಲ್ಲ. ಖಾನಾಪುರದ ಕಾಡುಗಳಲ್ಲಿ ಸತತವಾಗಿ ಮಳೆಯಾಗಿ, ನವಿಲುತೀರ್ಥದ ಜಲಾಶಯವು ತುಂಬಿ, ಅಲ್ಲಿಂದ ನೀರನ್ನು ಹೊರಬಿಟ್ಟಾಗ ಕೆಳಭಾಗದಲ್ಲಿ ನದಿಯು ದಿಢೀರನೆ ಏರುತ್ತದೆ. ಬಾದಾಮಿಯಲ್ಲಿ ಬಿಸಿಲು ಬಿದ್ದಿರುವಾಗಲೇ ಕೆಲವು ಮೈಲಿಗಳಾಚೆ ಸೇತುವೆಯೊಂದು ಮುಳುಗಿರಬಹುದು. 2019ರ ಆಗಸ್ಟ್ ತಿಂಗಳಿನಲ್ಲಿ ಬಂದ ಪ್ರವಾಹದಲ್ಲಿ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನೀರು ನುಗ್ಗಿತು. ನದಿಪಾತ್ರದ ಹಳ್ಳಿಗಳ ಜನರು ಮನೆಮಠಗಳನ್ನು ಬಿಟ್ಟು ಎತ್ತರದ ಸ್ಥಳಗಳಿಗೆ ಹೋಗಬೇಕಾಯಿತು. ಆದ್ದರಿಂದ ಜುಲೈನಿಂದ ಅಕ್ಟೋಬರ್‌ವರೆಗೆ ಹೊರಡುವವರು ಆಕಾಶವನ್ನು ನೋಡಿ ನಿರ್ಧರಿಸದೆ, ಜಲಾಶಯದಿಂದ ಬಿಡಲಾಗುತ್ತಿರುವ ನೀರಿನ ಬಗ್ಗೆ ಜಿಲ್ಲಾಡಳಿತವು ನೀಡುವ ಪ್ರಕಟಣೆಯನ್ನು ನೋಡಿ ನಿರ್ಧರಿಸತಕ್ಕದ್ದು. ಸೇತುವೆಯ ಮೇಲೆ ನೀರು ಹರಿಯುತ್ತಿರುವಾಗ, ಅದು ಪಾದ ಮುಳುಗುವಷ್ಟೇ ಇದ್ದರೂ, ಸೈಕಲ್ಲನ್ನು ತಳ್ಳಿಕೊಂಡು ದಾಟುವ ಪ್ರಯತ್ನವನ್ನು ಮಾಡಕೂಡದು. ಹರಿಯುವ ನೀರಿನಲ್ಲಿ ಸೈಕಲ್ ಆಸರೆಯಾಗುವುದಿಲ್ಲ. ನೀರಿನ ಸೆಳೆತಕ್ಕೆ ಸಿಕ್ಕಿದರೆ ಅದು ಸವಾರನನ್ನೂ ಎಳೆದುಕೊಂಡು ಹೋಗುತ್ತದೆ.

ಪುಷ್ಯ ಮಾಸದ ಬನದ ಹುಣ್ಣಿಮೆಗೆ ನಡೆಯುವ ಬನಶಂಕರಿ ಜಾತ್ರೆಯ ದಿನಗಳಲ್ಲಿ, ಅಂದರೆ ಸಾಮಾನ್ಯವಾಗಿ ಜನವರಿ ತಿಂಗಳಿನಲ್ಲಿ, ಬಾದಾಮಿಯ ಸುತ್ತಲಿನ ರಸ್ತೆಗಳು ಜನರಿಂದಲೂ ವಾಹನಗಳಿಂದಲೂ ತುಂಬಿರುತ್ತವೆ. ಜಾತ್ರೆಯನ್ನು ನೋಡಲು ಬರುವವರು ಅವಶ್ಯವಾಗಿ ಬರಬಹುದು. ನಿಶ್ಶಬ್ದವಾದ ರಸ್ತೆಯನ್ನು ಅರಸಿ ಬರುವವರು ಬೇರೆ ದಿನಗಳನ್ನು ಆರಿಸಿಕೊಳ್ಳುವುದು ಉತ್ತಮ.

ತಲುಪುವ ವಿಧಾನ

ಬಾದಾಮಿ ರೈಲು ನಿಲ್ದಾಣವು ಗದಗ ಮತ್ತು ವಿಜಯಪುರಗಳ ನಡುವಿನ ಮಾರ್ಗದಲ್ಲಿದ್ದು, ಊರಿನಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ. ಸೈಕಲ್ಲನ್ನು ಪ್ರಯಾಣಿಕರ ಬೋಗಿಯೊಳಗೆ ಒಯ್ಯಲು ಅವಕಾಶವಿರುವುದಿಲ್ಲ. ಹೊರಡುವ ನಿಲ್ದಾಣದ ಪಾರ್ಸಲ್ ಕಚೇರಿಯಲ್ಲಿ ಶುಲ್ಕ ಪಾವತಿಸಿ ಸಾಮಾನು ಬೋಗಿಗೆ ಹಾಕಿಸತಕ್ಕದ್ದು. ರೈಲು ಬಾದಾಮಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲವಾದ್ದರಿಂದ ಅಲ್ಲಿ ಸೈಕಲ್ಲನ್ನು ಇಳಿಸಿಕೊಡುವ ಬಗ್ಗೆ ಸದರಿ ಕಚೇರಿಯಲ್ಲಿಯೇ ಖಚಿತಪಡಿಸಿಕೊಳ್ಳಬೇಕು. ಪಾರ್ಸಲ್ ರಸೀದಿಯನ್ನು ಕಳೆದುಕೊಂಡರೆ ಸೈಕಲ್ಲನ್ನು ಬಿಡಿಸಿಕೊಳ್ಳುವುದು ಪ್ರಯಾಸದ ಕೆಲಸ.

ಹುಬ್ಬಳ್ಳಿಯಿಂದ ಸೈಕಲ್ಲಿನಲ್ಲಿಯೇ ಬರುವವರು ಕುಳಗೇರಿ ಕ್ರಾಸ್ ಮೂಲಕ ಹಾಯುವ ಹುಬ್ಬಳ್ಳಿ–ವಿಜಯಪುರ ರಾಷ್ಟ್ರೀಯ ಹೆದ್ದಾರಿಯನ್ನು ಸಾಧ್ಯವಾದಷ್ಟು ಬಿಡುವುದು ಲೇಸು. ಆ ಹೆದ್ದಾರಿಯಲ್ಲಿ ಹಗಲಿರುಳೂ ಲಾರಿಗಳ ಓಡಾಟವಿರುತ್ತದೆ.

ಬಾದಾಮಿ: ಎರಡು ಕೋಟೆಗಳು, ಒಂದು ಕೆರೆ

ಪ್ರವಾಸವನ್ನು ಬಾದಾಮಿಯಿಂದ ಆರಂಭಿಸುವುದು ಎಲ್ಲ ರೀತಿಯಿಂದಲೂ ಯುಕ್ತ. ಕಣಿವೆಯ ಕೋಟೆಗಳ ಚರಿತ್ರೆಯೂ ಇಲ್ಲಿಂದಲೇ ಆರಂಭವಾಗುತ್ತದೆ. ಉತ್ತರದ ಗುಡ್ಡದ ಬಂಡೆಯೊಂದರ ಮೇಲೆ ಶಕವರ್ಷ 465ರ, ಅಂದರೆ ಕ್ರಿ.ಶ. 543ರ ಸಂಸ್ಕೃತ ಶಾಸನವಿದೆ. ಅಶ್ವಮೇಧವನ್ನು ಮಾಡಿದ ಚಾಲುಕ್ಯ ವಲ್ಲಭೇಶ್ವರನು ವಾತಾಪಿಯ ಈ ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಗೆಲ್ಲಲಾಗದ ದುರ್ಗವನ್ನಾಗಿ ಮಾಡಿದನೆಂದು ಅದು ತಿಳಿಸುತ್ತದೆ. ಆ ವಲ್ಲಭೇಶ್ವರನೇ ಒಂದನೆಯ ಪುಲಕೇಶಿ. ರಾಜಧಾನಿಯೊಂದರ ಹುಟ್ಟನ್ನು ಇಷ್ಟು ಸ್ಪಷ್ಟವಾದ ತೇದಿಯೊಡನೆ ಹೇಳುವ ದಾಖಲೆಗಳು ಅಪರೂಪ. 1941ರವರೆಗೆ ಈ ಶಾಸನವು ವಿದ್ವಾಂಸರ ಗಮನಕ್ಕೆ ಬಂದಿರಲಿಲ್ಲ.

ಗೆಲ್ಲಲಾಗದೆಂದು ಬರೆಸಿದ ಕೋಟೆಯು ನೂರು ವರ್ಷ ತುಂಬುವ ಹೊತ್ತಿಗೆ ಶತ್ರುವಿನ ವಶವಾಯಿತು. ಕ್ರಿ.ಶ. 642ರಲ್ಲಿ ಪಲ್ಲವ ಒಂದನೆಯ ನರಸಿಂಹವರ್ಮನು ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ವಾತಾಪಿಯನ್ನು ಹಿಡಿದನು. ಅವನು ಕೆತ್ತಿಸಿದ ಶಾಸನವು ಈಗಲೂ ಊರಿನೊಳಗಿನ ಬಂಡೆಯ ಮೇಲಿದೆ. ಕ್ರಿ.ಶ. 655ರ ಸುಮಾರಿಗೆ ಒಂದನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮರಳಿ ಪಡೆದನು. ವಿಜಯನಗರದ ಒಂದನೆಯ ಹರಿಹರನ ಕಾಲದಲ್ಲಿ, 1339ರಲ್ಲಿ, ಇಲ್ಲಿ ಮತ್ತೆ ಕೋಟೆ ಕಟ್ಟಿದ ಉಲ್ಲೇಖವಿದೆ. 1786ರಲ್ಲಿ ಮರಾಠರ ಮತ್ತು ನಿಜಾಮನ ಸೇನೆಗಳು ಟಿಪ್ಪು ಸುಲ್ತಾನನ ದಂಡಿನಿಂದ ಬಾದಾಮಿಯನ್ನು ಕಿತ್ತುಕೊಂಡವು. ಮರುವರ್ಷ ಗಜೇಂದ್ರಗಡದ ಒಪ್ಪಂದದಂತೆ ಅದು ಮರಾಠರಿಗೆ ಉಳಿಯಿತು. 1818ರಲ್ಲಿ ಥಾಮಸ್ ಮನ್ರೋ ಇದನ್ನು ಬ್ರಿಟಿಷರಿಗಾಗಿ ಹಿಡಿದನು. ಇಂದು ಕಾಣುವ ಬುರುಜುಗಳೂ ಕಿಂಡಿಗಳಿರುವ ಗೋಡೆಗಳೂ ಬಹುಮಟ್ಟಿಗೆ ಈ ಕೊನೆಯ ಶತಮಾನಗಳ ಕೆಲಸ. ಚಾಲುಕ್ಯರ ಕೋಟೆಯನ್ನು ಹುಡುಕುವವರು ಗೋಡೆಯನ್ನು ನೋಡುವುದಕ್ಕಿಂತ ಬಂಡೆಯನ್ನು ನೋಡಬೇಕು. ಕಡಿದಾದ ಕಲ್ಲೇ ಅವರಿಗೆ ಮುಖ್ಯವಾದ ಗೋಡೆಯಾಗಿತ್ತು. ಇದ್ದ ಸಂದುಗಳನ್ನು ಮಾತ್ರ ಮುಚ್ಚಿದರೆ ಸಾಕಾಗುತ್ತಿತ್ತು.

ಉತ್ತರದ ಕೋಟೆಗೆ ಬಾವನ ಬಂಡೆ ಕೋಟೆಯೆಂದೂ ದಕ್ಷಿಣದ್ದಕ್ಕೆ ರಣಮಂಡಲ ಕೋಟೆಯೆಂದೂ ಹೆಸರು. ಬಾವನ ಎಂದರೆ ಐವತ್ತೆರಡು. ಎರಡರ ನಡುವೆ ಅಗಸ್ತ್ಯತೀರ್ಥವೆಂಬ ಕೆರೆಯಿದೆ. ಮುತ್ತಿಗೆಯ ಕಾಲದಲ್ಲಿ ಕೋಟೆಯನ್ನು ಉಳಿಸುವುದು ಅಥವಾ ಕೆಡವುವುದು ನೀರೇ ಆಗಿರುವುದರಿಂದ ಈ ಕೆರೆಯನ್ನು ಕೋಟೆಯ ಅಂಗವೆಂದೇ ಪರಿಗಣಿಸಬೇಕು.

ಉತ್ತರ ಕೋಟೆಗೆ ಹತ್ತುವ ದಾರಿಯು ಕೆರೆಯ ಬದಿಯಲ್ಲಿರುವ ಪುರಾತತ್ತ್ವ ವಸ್ತುಸಂಗ್ರಹಾಲಯದ ಪಕ್ಕದಿಂದ ಹೊರಡುತ್ತದೆ. ಬಂಡೆಗಳ ನಡುವಿನ ಸೀಳಿನಲ್ಲಿ ಮೆಟ್ಟಿಲುಗಳಿದ್ದು, ಕೆಲವು ಕಡೆ ಇಬ್ಬರು ಎದುರುಬದುರಾದರೆ ಒಬ್ಬರು ನಿಲ್ಲಬೇಕಾಗುತ್ತದೆ. ಮೇಲೆ ಕೆಳಗಿನ ಶಿವಾಲಯ, ಮೇಲಿನ ಶಿವಾಲಯ, ಕಾವಲು ಬುರುಜುಗಳು ಹಾಗೂ ದುಂಡನೆಯ ಕಣಜಗಳಿವೆ. ಮಧ್ಯಾಹ್ನದ ನಂತರ ಹತ್ತಿದರೆ ಎದುರಿನ ಗುಡ್ಡದ ಗುಹಾದೇವಾಲಯಗಳೆಲ್ಲವೂ ಒಂದೇ ನೋಟದಲ್ಲಿ ಕಾಣುತ್ತವೆ. ಅವುಗಳಲ್ಲಿ ಮೂರನೆಯ ಗುಹೆಯು ಮಂಗಳೇಶನು ಮಾಡಿಸಿದ್ದಾಗಿದ್ದು ಕ್ರಿ.ಶ. 578ರ ಶಾಸನವನ್ನು ಹೊಂದಿದೆ. ದಕ್ಷಿಣ ಕೋಟೆಗೆ ಗುಹೆಗಳ ಬದಿಯಿಂದ ಹೋಗುವ ಕಡಿದಾದ ಮೆಟ್ಟಿಲ ದಾರಿಯನ್ನು ಸುರಕ್ಷತೆಯ ದೃಷ್ಟಿಯಿಂದ ಮುಚ್ಚಿಡಲಾಗಿರುತ್ತದೆ. ಬಾಗಿಲನ್ನು ಹಾರಿ ಹೋಗುವುದು ಅಪಾಯಕರ, ಕಾನೂನಿಗೂ ವಿರುದ್ಧ.

ಬಾದಾಮಿಯ ಮಂಗಗಳ ಬಗ್ಗೆ ಒಂದು ಮಾತು ಅಗತ್ಯ. ಗುಹೆಗಳ ಮತ್ತು ಕೋಟೆಯ ಬಳಿ ಅವು ಗುಂಪುಗುಂಪಾಗಿರುತ್ತವೆ. ನಿಲ್ಲಿಸಿದ ಸೈಕಲ್ಲಿನ ಚೀಲದಲ್ಲಿ ತಿಂಡಿಯನ್ನಾಗಲಿ ಹಣ್ಣನ್ನಾಗಲಿ ಬಿಟ್ಟು ಹೋಗಬಾರದು. ಅವು ಚೀಲದ ಜಿಪ್ಪನ್ನು ತೆಗೆಯಬಲ್ಲವು, ತೆಗೆಯಲಾಗದಿದ್ದರೆ ಹರಿಯಬಲ್ಲವು.

ಬಾದಾಮಿಯಿಂದ ಐಹೊಳೆಗೆ

ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ. ಅಂತರವಿದೆ. ನೇರವಾಗಿ ಹೋಗುವುದಕ್ಕಿಂತ ಮಹಾಕೂಟದ ಮೂಲಕ ಹೋಗುವುದು ಸೈಕಲ್ ಸವಾರರಿಗೆ ಹೆಚ್ಚು ಹಿತಕರ. ಗುಡ್ಡಗಳ ಮಡಿಲಿನಲ್ಲಿ ದೊಡ್ಡ ಮರಗಳ ನೆರಳಿನಲ್ಲಿರುವ ಮಹಾಕೂಟದಲ್ಲಿ ಸದಾ ನೀರಿರುವ ಪುಷ್ಕರಿಣಿಯಿದೆ. ಮಂಗಳೇಶನ ಪ್ರಸಿದ್ಧ ಸ್ತಂಭಶಾಸನವು ಮೂಲತಃ ಇಲ್ಲಿಯದೇ ಆಗಿದ್ದು, ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೊಂದು ದಾರಿಯು ಬನಶಂಕರಿ ಹಾಗೂ ನದಿಯ ದಂಡೆಯ ಶಿವಯೋಗ ಮಂದಿರದ ಕಡೆಯಿಂದ ಬರುತ್ತದೆ. ಹೋಗುವಾಗ ಒಂದು, ಬರುವಾಗ ಒಂದು ಎಂದು ಇಟ್ಟುಕೊಂಡರೆ ಎರಡನ್ನೂ ನೋಡಿದಂತಾಗುತ್ತದೆ. ಬನಶಂಕರಿಯ ಹೊಂಡದ ಬಳಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಚಟ್ನಿ ಮತ್ತು ಗಡಿಗೆಯ ಮೊಸರನ್ನು ತಂದು ಮಾರುತ್ತಾರೆ. ಸೈಕಲ್ ತುಳಿದು ಬಂದವರಿಗೆ ಇದಕ್ಕಿಂತ ತಕ್ಕ ಊಟ ಈ ದಾರಿಯಲ್ಲಿ ಬೇರೆ ದೊರೆಯುವುದಿಲ್ಲ.

ಪಟ್ಟದಕಲ್ಲು ಕೋಟೆಯಲ್ಲ, ಕೋಟೆಯಲ್ಲಿದ್ದ ಅರಸರು ಪಟ್ಟಾಭಿಷೇಕಕ್ಕೆ ಬರುತ್ತಿದ್ದ ಸ್ಥಳ. ನದಿಯು ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುವುದರಿಂದ ಸ್ಥಳಕ್ಕೆ ಪಾವಿತ್ರ್ಯ ಬಂದಿತೆಂಬುದು ನಂಬಿಕೆ. ಕಂಚಿಯ ಮೇಲಿನ ವಿಜಯದ ನೆನಪಿಗಾಗಿ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. 642ರಲ್ಲಿ ಪಲ್ಲವರು ವಾತಾಪಿಯನ್ನು ಹಿಡಿದ ಕಥೆಗೆ, ಸುಮಾರು ನೂರು ವರ್ಷಗಳ ನಂತರ ಚಾಲುಕ್ಯರು ಕೊಟ್ಟ ಉತ್ತರವನ್ನು ಇಲ್ಲಿ ಕಲ್ಲಿನಲ್ಲಿ ಕಾಣಬಹುದು. 1987ರಲ್ಲಿ ಈ ದೇವಾಲಯ ಸಮೂಹವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಪಟ್ಟದಕಲ್ಲಿನಿಂದ ಐಹೊಳೆಗೆ ಸುಮಾರು 13 ಕಿ.ಮೀ. ಕಣಿವೆಯ ಅತ್ಯಂತ ಶಾಂತವಾದ ರಸ್ತೆ ಇದೇ. ಜೋಳ, ಸೂರ್ಯಕಾಂತಿ, ಕಡಲೆ ಹಾಗೂ ಕಬ್ಬಿನ ಹೊಲಗಳ ನಡುವೆ ಸಾಗುತ್ತದೆ. ಐಹೊಳೆಯಲ್ಲಿ ಪ್ರವಾಸಿಗರು ಮೊದಲು ನೋಡುವುದು ದುರ್ಗ ದೇವಾಲಯ. ಅದು ದುರ್ಗಾದೇವಿಯ ಗುಡಿಯೆಂದು ಬಹುಮಂದಿ ತಿಳಿಯುತ್ತಾರೆ. ವಾಸ್ತವವಾಗಿ ಆ ಹೆಸರು ಬಂದುದು ದುರ್ಗದಿಂದ, ಅಂದರೆ ಕೋಟೆಯಿಂದ. ಮುಂದಿನ ಕಾಲದಲ್ಲಿ ಈ ಗುಡಿಯನ್ನು ಕೋಟೆಯೊಳಗೆ ಸೇರಿಸಿಕೊಂಡು ಕಾವಲಿಗೆ ಬಳಸಲಾಗಿತ್ತು.

ಊರಿನ ಆಗ್ನೇಯದ ಮೇಗುಟಿ ಗುಡ್ಡದ ಅಂಚಿನುದ್ದಕ್ಕೂ ದೊಡ್ಡ ಕಲ್ಲುಗಳ ಕೋಟೆಗೋಡೆಯಿದೆ. ಮೇಲಿನ ಗುಡಿ ಎಂಬುದೇ ಆಡುಮಾತಿನಲ್ಲಿ ಮೇಗುಟಿಯಾಗಿದೆ. ಗುಡ್ಡದ ಮೇಲಿನ ಜಿನಾಲಯದ ಗೋಡೆಯಲ್ಲಿ ಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನವಿದ್ದು, ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದ ಸಂಗತಿಯೂ, ಕಾಳಿದಾಸ ಮತ್ತು ಭಾರವಿಯರ ಹೆಸರುಗಳೂ ಅದರಲ್ಲಿವೆ. ಈ ಶಾಸನವನ್ನು ಬರೆಸಿ ಎಂಟೇ ವರ್ಷಕ್ಕೆ ಆ ಅರಸನು ವಾತಾಪಿಯ ಯುದ್ಧದಲ್ಲಿ ಮಡಿದನೆಂಬುದನ್ನು ನೆನೆದು ಇದನ್ನು ಓದತಕ್ಕದ್ದು. ಗುಡ್ಡದ ಹಿಂಬದಿಯಲ್ಲಿ ಚಾಲುಕ್ಯರಿಗಿಂತ ಬಹಳ ಹಿಂದಿನ ಬೃಹತ್ ಶಿಲಾಸಮಾಧಿಗಳಿವೆ. ಮೆಟ್ಟಿಲುಗಳಿರುವುದರಿಂದ ಸೈಕಲ್ಲನ್ನು ಕೆಳಗೇ ಬಿಡಬೇಕು.

ಐಹೊಳೆಯಿಂದ ಅಮೀನಗಡದ ಮೂಲಕ ಕೂಡಲಸಂಗಮಕ್ಕೆ ಸುಮಾರು 35 ಕಿ.ಮೀ. ಅಮೀನಗಡದ ಕರದಂಟು ಪ್ರಸಿದ್ಧವಾಗಿದೆ. ಕೆಡದೆ ಉಳಿಯುವ ಸಿಹಿಯಾದ್ದರಿಂದ ಚೀಲದಲ್ಲಿ ಇಟ್ಟುಕೊಳ್ಳಲು ಯೋಗ್ಯ. ಸಂಗಮದಲ್ಲಿರುವ ಬಸವಣ್ಣನವರ ಐಕ್ಯಸ್ಥಳವನ್ನು ಬಸವಸಾಗರ ಜಲಾಶಯದ ಹಿನ್ನೀರಿನಿಂದ ರಕ್ಷಿಸಲು ಸುತ್ತಲೂ ಎತ್ತರದ ಗೋಡೆಯನ್ನು ಕಟ್ಟಲಾಗಿದ್ದು, ಮೆಟ್ಟಿಲಿಳಿದು ಒಳಗೆ ಹೋಗಬೇಕು. ಶತ್ರುಗಳ ವಿರುದ್ಧವಲ್ಲದೆ ನೀರಿನ ವಿರುದ್ಧ ಕಟ್ಟಿದ ಕೋಟೆಯೆಂದು ಇದನ್ನು ಕರೆಯಬಹುದು.

ಮೇಲ್ಭಾಗದ ಕೋಟೆಗಳು

ಹೆಚ್ಚಿನ ದಿನಗಳ ಬಿಡುವಿರುವವರು ಬಾದಾಮಿಯಿಂದ ಪಶ್ಚಿಮಕ್ಕೆ, ನದಿಯ ಮೇಲ್ಭಾಗಕ್ಕೂ ಹೋಗಬಹುದು. ರಾಮದುರ್ಗ, ತೊರಗಲ್ಲು, ಮುನವಳ್ಳಿ ಮತ್ತು ಸವದತ್ತಿಗಳಲ್ಲಿ ಕೋಟೆಗಳಿವೆ. ತೊರಗಲ್ಲು ಕೊಲ್ಹಾಪುರದ ಅಧೀನದಲ್ಲಿದ್ದ ಶಿಂದೆ ಮನೆತನದ ಸ್ಥಾನವಾಗಿತ್ತು. ಸವದತ್ತಿಯ ದಕ್ಷಿಣಕ್ಕೆ ಪರಸಗಡದ ಗಿರಿದುರ್ಗವಿದೆ. ಇವು ಬಾದಾಮಿಯಷ್ಟು ಪ್ರಸಿದ್ಧವಲ್ಲ. ಕಾವಲುಗಾರರೂ ಮಾಹಿತಿ ಫಲಕಗಳೂ ಎಲ್ಲೆಡೆ ಇರುವುದಿಲ್ಲ. ಬಿರುಕುಬಿಟ್ಟ ಬುರುಜುಗಳನ್ನು ಹತ್ತದೆ ಕೆಳಗಿನಿಂದಲೇ ನೋಡುವುದು ಕ್ಷೇಮ.

ಈ ಭಾಗದ ದಾರಿಯಲ್ಲಿ ಸುರೇಬಾನ ಎಂಬ ಊರಿದೆ. ನರಗುಂದದ ಸಂಸ್ಥಾನಿಕ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ದತ್ತು ಸ್ವೀಕಾರದ ಹಕ್ಕನ್ನು ಬ್ರಿಟಿಷರು ನಿರಾಕರಿಸಿದುದರಿಂದ ಕೆರಳಿ 1858ರ ಮೇ ತಿಂಗಳಿನಲ್ಲಿ ಬಂಡೆದ್ದನು. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಎಂಬ ಅಧಿಕಾರಿಯು ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ಹತನಾದನು. ಕೆಲವೇ ದಿನಗಳಲ್ಲಿ ಬ್ರಿಟಿಷ್ ಸೇನೆಯು ನರಗುಂದದ ಗುಡ್ಡದ ಕೋಟೆಯನ್ನು ಹಿಡಿಯಿತು. 1858ರ ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ರಾಮದುರ್ಗದ ಸಂಸ್ಥಾನಿಕನು ಅವನ ಮಲಸಹೋದರನೇ ಆಗಿದ್ದರೂ ಬಂಡಾಯದಲ್ಲಿ ಸೇರಲಿಲ್ಲ. ರಾಮದುರ್ಗ ಸಂಸ್ಥಾನವು ಸ್ವಾತಂತ್ರ್ಯ ಬರುವವರೆಗೂ ಉಳಿಯಿತು. ಒಂದೇ ಮನೆತನದ ಎರಡು ಕೋಟೆಗಳು ಎರಡು ಬಗೆಯ ಗತಿಯನ್ನು ಕಂಡುದನ್ನು ಅರ್ಧ ದಿನದ ಸವಾರಿಯಲ್ಲಿ ನೋಡಬಹುದು. ನರಗುಂದವು ನದಿಯಿಂದ ದೂರದಲ್ಲಿದ್ದು ಹೆದ್ದಾರಿಯನ್ನು ಬಳಸಬೇಕಾಗುವುದರಿಂದ, ಅಲ್ಲಿಗೆ ನಸುಕಿನ ಬೆಳಕು ಮೂಡಿದ ಕೂಡಲೇ ಹೊರಡುವುದು ಒಳ್ಳೆಯದು.

ರಸ್ತೆಯಲ್ಲಿ ಪಾಲಿಸಬೇಕಾದ ಎಚ್ಚರಿಕೆಗಳು

ಸೈಕಲ್ಲಿಗೆ ನೋಂದಣಿಯಾಗಲಿ ಸವಾರನಿಗೆ ಚಾಲನಾ ಪರವಾನಗಿಯಾಗಲಿ ಅಗತ್ಯವಿಲ್ಲ. ಆದರೆ ಸಂಚಾರ ನಿಯಮಗಳು ಸೈಕಲ್ಲಿಗೂ ಅನ್ವಯಿಸುತ್ತವೆ.

ಈ ಕಣಿವೆಯಲ್ಲಿ ಸೈಕಲ್ ಸವಾರರಿಗೆ ನಿಜವಾದ ಅಪಾಯವಿರುವುದು ಕಬ್ಬಿನ ಹಂಗಾಮಿನಲ್ಲಿ. ಪ್ರವಾಸಕ್ಕೆ ಸೂಕ್ತವಾದ ತಿಂಗಳುಗಳೇ ಕಬ್ಬು ಕಟಾವಿನ ತಿಂಗಳುಗಳೂ ಆಗಿವೆ. ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು ರಾತ್ರಿಯ ವೇಳೆಯೂ ಕಾರ್ಖಾನೆಗಳತ್ತ ಸಾಗುತ್ತವೆ. ಹಲವು ಟ್ರೇಲರುಗಳ ಹಿಂಬದಿಗೆ ದೀಪವಾಗಲಿ ಪ್ರತಿಫಲಕವಾಗಲಿ ಇರುವುದಿಲ್ಲ. ಹೇರಿದ ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ಇಂತಹ ವಾಹನವು ಹಿಂದಿನಿಂದ ಬಂದಾಗ ರಸ್ತೆಯ ಅಂಚಿನಲ್ಲಿ ಸವಾರಿಯನ್ನು ಮುಂದುವರಿಸದೆ, ಸೈಕಲ್ಲಿನಿಂದ ಇಳಿದು ಪೂರ್ಣವಾಗಿ ರಸ್ತೆಯಿಂದ ಕೆಳಗೆ ನಿಲ್ಲಬೇಕು. ಮೊದಲ ಟ್ರೇಲರು ದಾಟಿದೊಡನೆ ರಸ್ತೆಗೆ ಬರಬಾರದು; ಎರಡನೆಯದು ಅದರ ಜಾಡಿನಲ್ಲಿಯೇ ಬಾರದೆ ಓಲಾಡುತ್ತ ಬರುತ್ತದೆ. ಸೂರ್ಯಾಸ್ತದ ನಂತರ ಸವಾರಿಯನ್ನು ಕಡ್ಡಾಯವಾಗಿ ನಿಲ್ಲಿಸುವುದು ಸೂಕ್ತ. ಸೈಕಲ್ಲಿನ ಹಿಂದೆ ಕೆಂಪು ದೀಪವಿದ್ದ ಮಾತ್ರಕ್ಕೆ ಧೈರ್ಯ ತಾಳಬಾರದು.

ರಸ್ತೆಯ ಬದಿಗಳಲ್ಲಿ ಬಳ್ಳಾರಿ ಜಾಲಿ ಹೇರಳವಾಗಿ ಬೆಳೆದಿದ್ದು, ಅದರ ಮುಳ್ಳು ಹೊಸ ಟಯರನ್ನೂ ಬಿಡುವುದಿಲ್ಲ. ಕನಿಷ್ಠ ಎರಡು ಟ್ಯೂಬು, ಪಂಪು ಮತ್ತು ಪಂಕ್ಚರ್ ಸಾಮಗ್ರಿಗಳು ಜೊತೆಯಲ್ಲಿರಬೇಕು. ಸಣ್ಣ ಊರುಗಳ ಸೈಕಲ್ ಅಂಗಡಿಗಳಲ್ಲಿ ಸಾಮಾನ್ಯ ಸೈಕಲ್ಲುಗಳ ಬಿಡಿಭಾಗಗಳು ದೊರೆಯುತ್ತವೆ. ಗೇರ್ ಸೈಕಲ್ಲುಗಳದ್ದು ದೊರೆಯುವುದು ಕಷ್ಟ. ಮಳೆ ಬಿದ್ದ ಮರುದಿನ ಎರೆಮಣ್ಣಿನ ಹೊಲದಾರಿಗೆ ಇಳಿಯಕೂಡದು. ಆ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಸೈಕಲ್ಲನ್ನು ಹೊತ್ತುಕೊಂಡು ಹೋಗುವಂತೆ ಮಾಡುತ್ತದೆ.

ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ, ಆಂಬುಲೆನ್ಸ್‌ಗಾಗಿ 108 ಸಂಖ್ಯೆಗೆ ಕರೆ ಮಾಡಬಹುದು. ಗುಡ್ಡಗಳ ನಡುವೆ ಮೊಬೈಲ್ ಸಂಪರ್ಕ ಕಡಿದುಹೋಗುವುದುಂಟು. ಆದುದರಿಂದ ಒಬ್ಬರೇ ಹೋಗುವವರು ಅಂದಿನ ದಾರಿಯನ್ನು ತಂಗಿದ ಸ್ಥಳದಲ್ಲಿ ತಿಳಿಸಿ ಹೊರಡಬೇಕು.

ಪ್ರವೇಶ ಮತ್ತು ಅನುಮತಿಗಳು

ಬಾದಾಮಿ, ಪಟ್ಟದಕಲ್ಲು ಮತ್ತು ಐಹೊಳೆಯ ಮುಖ್ಯ ಸ್ಮಾರಕಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತದ ಸಂರಕ್ಷಣೆಯಲ್ಲಿವೆ. 2018ರ ಪರಿಷ್ಕರಣೆಯಲ್ಲಿ ಭಾರತೀಯ ನಾಗರಿಕರಿಗೆ ಪಟ್ಟದಕಲ್ಲಿನಲ್ಲಿ 40 ರೂಪಾಯಿ, ಬಾದಾಮಿಯ ಗುಹೆಗಳು ಹಾಗೂ ಐಹೊಳೆಯ ದುರ್ಗ ದೇವಾಲಯ ಆವರಣಕ್ಕೆ ತಲಾ 25 ರೂಪಾಯಿ ಪ್ರವೇಶ ಶುಲ್ಕ ನಿಗದಿಯಾಯಿತು. 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಹೊರಡುವ ಮುನ್ನ ಚಾಲ್ತಿ ದರವನ್ನು ಟಿಕೆಟ್ ಕೌಂಟರಿನಲ್ಲಿ ಅಥವಾ ಇಲಾಖೆಯ ಆನ್‌ಲೈನ್ ಟಿಕೆಟ್ ಸೇವೆಯಲ್ಲಿ ನೋಡಿಕೊಳ್ಳತಕ್ಕದ್ದು. ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಸೈಕಲ್ಲನ್ನು ಸ್ಮಾರಕದ ಆವರಣದೊಳಗೆ ಒಯ್ಯಲು ಬಿಡುವುದಿಲ್ಲ. ಪ್ರವೇಶದ್ವಾರದ ಬಳಿ ಬೀಗ ಹಾಕಿ ನಿಲ್ಲಿಸಬೇಕು. ಕೋಟೆಯ ಗೋಡೆಗೆ, ಶಾಸನದ ಕಲ್ಲಿಗೆ ಸೈಕಲ್ ಒರಗಿಸುವುದೂ ಹಾನಿಯೇ.

ಸಾಮಾನ್ಯ ಛಾಯಾಗ್ರಹಣಕ್ಕೆ ಅರ್ಜಿಯ ಅಗತ್ಯವಿಲ್ಲ. ಮುಕ್ಕಾಲಿ ಸ್ಟ್ಯಾಂಡ್ ಬಳಸುವವರು, ಚಲನಚಿತ್ರ ಅಥವಾ ವಾಣಿಜ್ಯ ಚಿತ್ರೀಕರಣ ಮಾಡುವವರು ಸದರಿ ವೃತ್ತದ ಅಧೀಕ್ಷಕ ಪುರಾತತ್ತ್ವಜ್ಞರಿಂದ ಪೂರ್ವಾನುಮತಿ ಪಡೆಯಬೇಕು. ಅನುಮತಿಯಿಲ್ಲದೆ ಡ್ರೋನ್ ಹಾರಿಸುವುದನ್ನು ನಿಷೇಧಿಸಲಾಗಿದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದಂತೆ, ಅದಕ್ಕೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ, 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಬಂಡೆಯ ಮೇಲೆ ಹೆಸರು ಕೆತ್ತುವುದೂ ಇದರಲ್ಲಿ ಸೇರುತ್ತದೆ.

ಇದೇ ಅಧಿನಿಯಮದ ಇನ್ನೊಂದು ಅಂಶವನ್ನು ಪ್ರವಾಸಿಗರು ಅರಿತಿರುವುದು ಒಳಿತು. ಸಂರಕ್ಷಿತ ಎಲ್ಲೆಯಿಂದ 100 ಮೀಟರಿನವರೆಗೆ ಹೊಸ ಕಟ್ಟಡಗಳಿಗೆ ನಿಷೇಧವಿದೆ. ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ಐಹೊಳೆಯಂತಹ ಊರಿನಲ್ಲಿ ಗುಡಿಗಳು ಮನೆಗಳ ನಡುವೆಯೇ ಇರುವುದರಿಂದ, ಮಳೆಗೆ ಬಿದ್ದ ಗೋಡೆಯನ್ನು ಎತ್ತಿಸಬೇಕಾದರೂ ಮನೆಯವರು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ಅನುಮತಿಗಾಗಿ ಕಾಯಬೇಕು. ಪ್ರವಾಸಿಗರು ಮೆಚ್ಚುವ ಹಳೆಯ ಊರಿನ ಚಹರೆಯು ಉಳಿದಿರುವುದರಲ್ಲಿ ಈ ನಿವಾಸಿಗಳ ತೊಂದರೆಯ ಪಾಲೂ ಇದೆ. ಮನೆಯಂಗಳಗಳಲ್ಲಿ, ಜಗುಲಿಗಳ ಮೇಲೆ ಕೇಳದೆ ಕೂರುವುದು, ಮನೆಮಂದಿಯ ಚಿತ್ರ ತೆಗೆಯುವುದು ಸಲ್ಲದು. ನೀರು ಬೇಕಾದರೆ ಕೇಳಿದವರಿಗೆ ಯಾರೂ ಇಲ್ಲವೆನ್ನುವುದಿಲ್ಲ.

ವಸತಿ

ಮೇಲ್ಕಂಡ ನಿರ್ಬಂಧಗಳ ಕಾರಣದಿಂದಲೂ ಪಟ್ಟದಕಲ್ಲು ಮತ್ತು ಐಹೊಳೆಗಳಲ್ಲಿ ವಸತಿ ಸೌಕರ್ಯ ಕಡಿಮೆ. ಬಾದಾಮಿಯಲ್ಲಿ ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲ್ ಮಯೂರ ಚಾಲುಕ್ಯವೂ ಖಾಸಗಿ ವಸತಿಗೃಹಗಳೂ ಇವೆ. ಕೂಡಲಸಂಗಮದಲ್ಲಿ ಯಾತ್ರಿಕರಿಗಾಗಿ ಕೊಠಡಿಗಳು ಲಭ್ಯ. ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರಗಳಲ್ಲಿ ತಂಗಬಯಸುವವರು ಸಂಬಂಧಪಟ್ಟ ಉಪವಿಭಾಗದ ಕಚೇರಿಗೆ, ಗುರುತಿನ ಚೀಟಿಯ ಪ್ರತಿಯೊಂದಿಗೆ ಲಿಖಿತ ಅರ್ಜಿಯನ್ನು ಮುಂಚಿತವಾಗಿ ಸಲ್ಲಿಸಬೇಕು. ಸರ್ಕಾರಿ ಕರ್ತವ್ಯದ ಮೇಲೆ ಬರುವವರಿಗೆ ಆದ್ಯತೆಯಿರುವುದರಿಂದ, ಮಂಜೂರಾದ ಕೊಠಡಿಯೂ ಕೊನೆಯ ಗಳಿಗೆಯಲ್ಲಿ ರದ್ದಾಗುವ ಸಂಭವವನ್ನು ಗಮನದಲ್ಲಿಟ್ಟುಕೊಂಡು ಪರ್ಯಾಯ ವ್ಯವಸ್ಥೆಯನ್ನು ಯೋಚಿಸಿರಬೇಕು. ಅರ್ಜಿಯಲ್ಲಿ ಸೈಕಲ್ಲುಗಳ ಸಂಖ್ಯೆಯನ್ನೂ ನಮೂದಿಸಿದರೆ ರಾತ್ರಿ ಅವುಗಳನ್ನು ಒಳಗೆ ಇಡಲು ಅನುಕೂಲವಾಗುತ್ತದೆ.

ಸ್ಮಾರಕಗಳ ಆವರಣದಲ್ಲಿ, ಕೋಟೆಗಳ ಮೇಲೆ ಹಾಗೂ ನದಿಪಾತ್ರದಲ್ಲಿ ಡೇರೆ ಹಾಕಿ ತಂಗಲು ಅವಕಾಶವಿಲ್ಲ. ಜಲಾಶಯದಿಂದ ನೀರು ಬಿಡುವ ಕಾಲದಲ್ಲಿ ಮರಳಿನ ದಿಬ್ಬಗಳ ಮೇಲೆ ಮಲಗುವುದು ಪ್ರಾಣಾಪಾಯಕರ.

ಹಿಂದಿರುಗುವ ದಾರಿ

ಕೂಡಲಸಂಗಮದವರೆಗೆ ಹೋದವರು ಮರಳಿ ಬಾದಾಮಿಗೆ ಬರಬೇಕಾಗಿಲ್ಲ. ಬಾಗಲಕೋಟೆ ಅಥವಾ ಆಲಮಟ್ಟಿ ನಿಲ್ದಾಣಗಳಿಂದ ಅದೇ ರೈಲು ಮಾರ್ಗವನ್ನು ಹಿಡಿಯಬಹುದು. ಸೈಕಲ್ಲನ್ನು ಪಾರ್ಸಲ್ ಮಾಡುವ ಸೌಲಭ್ಯ ಎಲ್ಲ ನಿಲ್ದಾಣಗಳಲ್ಲಿಯೂ ಒಂದೇ ರೀತಿ ಇರುವುದಿಲ್ಲವಾದ್ದರಿಂದ ಹಿಂದಿನ ದಿನವೇ ವಿಚಾರಿಸತಕ್ಕದ್ದು. ಐಹೊಳೆಯಿಂದಲೇ ಹಿಂದಿರುಗುವವರು ಗುಳೇದಗುಡ್ಡದ ಮೂಲಕ ಬಾದಾಮಿಗೆ ಬರಬಹುದು. ಅಲ್ಲಿನ ಗುಡ್ಡದ ಮೇಲೂ ಒಂದು ಹಳೆಯ ಕೋಟೆಯಿದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಗುಳೇದಗುಡ್ಡದ ಖಣವನ್ನು ನೇಯುವ ಮಗ್ಗಗಳ ಸದ್ದು ಕೆಳಗಿನ ಓಣಿಗಳಲ್ಲಿ ಕೇಳಿಬರುತ್ತದೆ. ನೇಕಾರರಿಂದ ನೇರವಾಗಿ ಕೊಳ್ಳಲೂಬಹುದು. ಒಂದು ಖಣವು ಸೈಕಲ್ಲಿನ ಚೀಲದಲ್ಲಿ ಹೆಚ್ಚು ಜಾಗವನ್ನು ಹಿಡಿಯುವುದಿಲ್ಲ.